ಬಿಡಿಭಾಗಕ್ಕೆ ಬಿಲ್ಲು, ಪರೀಕ್ಷೆಗೆ ಶೂನ್ಯ

ಇಂಜಿನ್ ‘ಮಿಸ್ಸಿಂಗ್’ ಹೊಡೆಯುತ್ತಿದೆಯೆಂದು ಕಾರನ್ನು ವರ್ಕ್‌ಶಾಪಿಗೆ ಒಯ್ದ ಗ್ರಾಹಕನಿಗೆ ದೊರೆಯುವ ಬಿಲ್ಲಿನಲ್ಲಿ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇಂಜೆಕ್ಟರ್ ಕ್ಲೀನಿಂಗ್, ಲೇಬರ್ ಎಂಬ ಬಾಬುಗಳಿರುತ್ತವೆ. ದೋಷವು ಎಲ್ಲಿದೆಯೆಂದು ಪತ್ತೆ ಹಚ್ಚಿದ ಕೆಲಸಕ್ಕೆ ಪ್ರತ್ಯೇಕ ಬಾಬು ಇರುವುದು ಅಪರೂಪ. ಈ ಒಂದು ಬಾಬಿನ ಅಭಾವದಿಂದ ಗ್ರಾಹಕನಿಗೂ ವರ್ಕ್‌ಶಾಪಿನವರಿಗೂ ಎಷ್ಟು ನಷ್ಟವಾಗಬಲ್ಲದು ಎಂಬುದಕ್ಕೆ ಜಪಾನಿನ ಒಂದು ಸ್ಪೋರ್ಟ್ಸ್ ಕಾರು ಉತ್ತಮ ನಿದರ್ಶನವಾಗಿದೆ.

ಹಿರೋಷಿಮಾದ ಮಾಜ್ದಾ ಸಂಸ್ಥೆಯ ಆರ್‌ಎಕ್ಸ್-8 ಕಾರು 2003ರಲ್ಲಿ ಮಾರುಕಟ್ಟೆಗೆ ಬಂದು 2012ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದರ ಇಂಜಿನ್ನಿನಲ್ಲಿ ಪಿಸ್ಟನ್ ಇಲ್ಲ. ತಲಾ 654 ಸಿ.ಸಿ.ಯ ಎರಡು ಕೋಣೆಗಳಲ್ಲಿ ತ್ರಿಕೋನಾಕಾರದ ರೋಟರುಗಳು ತಿರುಗುತ್ತವೆ. ಪ್ರತಿ ರೋಟರಿಗೆ ಎರಡು ಪ್ಲಗ್, ಪ್ರತಿ ಪ್ಲಗ್ಗಿಗೂ ತನ್ನದೇ ಒಂದು ಕಾಯಿಲ್. 2003ರಲ್ಲಿ ‘ಇಂಟರ್‌ನ್ಯಾಷನಲ್ ಇಂಜಿನ್ ಆಫ್ ದಿ ಇಯರ್’ ಪ್ರಶಸ್ತಿಯನ್ನು ಗಳಿಸಿದ ಇದೇ ಇಂಜಿನ್ನಿಗೆ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ 8 ವರ್ಷ ಅಥವಾ 1 ಲಕ್ಷ ಮೈಲಿಗಳವರೆಗೆ ವಾರಂಟಿಯನ್ನು ವಿಸ್ತರಿಸಬೇಕಾಯಿತು. ಪ್ರಶಸ್ತಿ ಪತ್ರಕ್ಕೂ ದುರಸ್ತಿ ಖಾತೆಗೂ ಸಂಬಂಧವಿರಲೇಬೇಕೆಂದಿಲ್ಲ.

ಈ ಕಾರು ಮಿಸ್ಸಿಂಗ್ ಹೊಡೆಯತೊಡಗಿದರೆ ನಿಂತಲ್ಲೇ ನಡುಗುತ್ತದೆ, ಏರಿನಲ್ಲಿ ಎಳೆತ ಕಳೆದುಕೊಳ್ಳುತ್ತದೆ, ಚೆಕ್ ಇಂಜಿನ್ ದೀಪ ಮಿನುಗುತ್ತದೆ. ಸ್ಕ್ಯಾನರ್ ಜೋಡಿಸಿದರೆ ಪಿ0301 ಅಥವಾ ಪಿ0302 ಎಂಬ ಕೋಡ್ ಮೂಡುತ್ತದೆ. ಯಾವ ರೋಟರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂಬುದನ್ನು ಆ ಕೋಡ್ ತಿಳಿಸುತ್ತದೆ; ಏಕೆ ಉರಿಯುತ್ತಿಲ್ಲ ಎಂಬುದನ್ನು ತಿಳಿಸುವುದಿಲ್ಲ. ಕಿಡಿ ದುರ್ಬಲವಾಗಿರಬಹುದು, ಪೆಟ್ರೋಲ್ ಸಾಲದೆ ಇರಬಹುದು, ಎಲ್ಲಿಂದಲೋ ಗಾಳಿ ಒಳನುಗ್ಗುತ್ತಿರಬಹುದು, ಅಥವಾ ಕೋಣೆಯಲ್ಲಿ ಒತ್ತಡವೇ ನಿಲ್ಲದಿರಬಹುದು. ಕೋಡನ್ನೇ ಕಾರಣವೆಂದು ಭಾವಿಸಿ ಬಿಡಿಭಾಗ ಬದಲಿಸಲು ಹೊರಟಲ್ಲಿಂದ ವ್ಯರ್ಥ ವೆಚ್ಚ ಆರಂಭವಾಗುತ್ತದೆ.

ಬಲ್ಲ ಮೆಕ್ಯಾನಿಕ್ ಮೊದಲು ಖರ್ಚಿಲ್ಲದ ಪರೀಕ್ಷೆಯನ್ನು ಮಾಡುತ್ತಾನೆ. ನಾಲ್ಕೂ ಕಾಯಿಲುಗಳು ಒಂದೇ ಮಾದರಿಯವಾದ್ದರಿಂದ ಒಂದನೆಯ ರೋಟರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದರದ್ದನ್ನು ಒಂದನೆಯದಕ್ಕೂ ಹಾಕಿ ಗಾಡಿ ಓಡಿಸುತ್ತಾನೆ. ಕೋಡ್ ಕಾಯಿಲಿನೊಂದಿಗೆ ಸ್ಥಳ ಬದಲಿಸಿದರೆ ದೋಷ ಕಾಯಿಲಿನದು. ಬದಲಿಸದಿದ್ದರೆ ಹೊಸ ಕಾಯಿಲ್ ಕೊಳ್ಳುವ ಅಗತ್ಯವೇ ಇಲ್ಲ. ಕೆಲವು ಕಾಯಿಲುಗಳು ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದ ಮೇಲೆ ಕೈಕೊಡುತ್ತವೆ. ಆದಕಾರಣ ಬೆಳಿಗ್ಗೆ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ‘ಎಲ್ಲಾ ಸರಿ ಇದೆ’ ಎಂದು ಮರಳಿಸಿದ ಗಾಡಿ ಸಂಜೆಯೊಳಗೆ ಮತ್ತೆ ಬಾಗಿಲಿಗೆ ಬರುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ ಬಣ್ಣ ನೋಡುವುದು, ಇಂಧನದ ಒತ್ತಡ ಅಳೆಯುವುದು, ಗಾಳಿಯ ಪೈಪುಗಳನ್ನು ಪರಿಶೀಲಿಸುವುದು ಇವೆಲ್ಲ ಮುಂದಿನ ಹಂತಗಳು.

ಇಷ್ಟಾದರೂ ದೋಷ ಬಿಡದಿದ್ದರೆ ಕಂಪ್ರೆಷನ್ ಪರೀಕ್ಷೆ ಅನಿವಾರ್ಯ. ರೋಟರಿಗೆ ಮೂರು ಮುಖಗಳಿದ್ದು, ಮೂರೂ ಒಂದೇ ಪ್ಲಗ್ ರಂಧ್ರದ ಮುಂದೆ ಹಾದುಹೋಗುತ್ತವೆ. ಸಾಮಾನ್ಯ ಗೇಜು ಮೂರರಲ್ಲಿ ಅತ್ಯಧಿಕವಾದ ಒತ್ತಡವನ್ನು ಮಾತ್ರ ಹಿಡಿದಿಟ್ಟುಕೊಳ್ಳುವುದರಿಂದ ಸವೆದ ಮುಖವೊಂದು ಗಟ್ಟಿ ಮುಖದ ಹಿಂದೆ ಅಡಗಿಬಿಡುತ್ತದೆ. ಲಾಭದಲ್ಲಿರುವ ಶಾಖೆಯ ಅಂಕಿಯನ್ನಷ್ಟೇ ತೋರಿಸಿ ನಷ್ಟದ ಶಾಖೆಯನ್ನು ಮುಚ್ಚಿಟ್ಟ ಲೆಕ್ಕಪತ್ರದಂತೆಯೇ ಇದು. ರೋಟರಿ ಇಂಜಿನ್ನಿಗೆಂದೇ ತಯಾರಾದ ಪರೀಕ್ಷಾ ಯಂತ್ರವು ಪ್ರತಿ ಮುಖದ ಅಂಕಿಯನ್ನು ಬೇರೆಬೇರೆಯಾಗಿ ಕೊಡುತ್ತದೆ. ನಿಮಿಷಕ್ಕೆ 250 ಸುತ್ತಿನ ವೇಗದಲ್ಲಿ 680 ಕಿಲೋಪಾಸ್ಕಲ್ ಎಂಬುದು ಕನಿಷ್ಠ ಮಿತಿ. ಅದಕ್ಕಿಂತ ಕೆಳಗಿಳಿದ ಇಂಜಿನ್ನಿಗೆ ಎಷ್ಟು ಹೊಸ ಕಾಯಿಲ್ ಹಾಕಿದರೂ ರೋಗ ವಾಸಿಯಾಗದು.

ಹಾಗೆಂದು ಕಾಲಹರಣವೂ ಸಲ್ಲದು. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಒಳಗಿನ ಪಿಂಗಾಣಿ ಜಾಲರಿ ಕರಗಿ ಹೊಗೆಯ ದಾರಿಯೇ ಕಟ್ಟಿಕೊಳ್ಳಬಹುದು. ದೀಪ ಮಿನುಗುವಾಗಲೂ ಗಾಡಿ ಓಡಿಸಿದವನು ಒಂದು ಕಾಯಿಲಿನ ಖರ್ಚಿನ ಜೊತೆಗೆ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಕನ್ವರ್ಟರಿನ ಖರ್ಚನ್ನೂ ತಲೆಯ ಮೇಲೆ ಎಳೆದುಕೊಳ್ಳುತ್ತಾನೆ.

ಪ್ಲಗ್, ಕಾಯಿಲ್, ವೈರ್ ಎಲ್ಲವನ್ನೂ ಒಮ್ಮೆಗೇ ಬದಲಿಸಿದಾಗ ದೋಷ ಹೋದರೂ ಯಾವುದರಿಂದ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ ಪುಸ್ತಕ ಮುಚ್ಚುವ ಗುಮಾಸ್ತನ ಕೆಲಸಕ್ಕೂ ಇದಕ್ಕೂ ಅಂತರವಿಲ್ಲ. ಆದರೆ ಇದರ ಹೊಣೆಯನ್ನು ಮೆಕ್ಯಾನಿಕ್ಕಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ‘ಬರೀ ನೋಡಿದ್ದಕ್ಕೂ ದುಡ್ಡೇ?’ ಎಂದು ಚೌಕಾಸಿ ಮಾಡುವ ಗ್ರಾಹಕನೇ ಅವನನ್ನು ಈ ದಾರಿಗೆ ದೂಡುತ್ತಾನೆ. ಎರಡು ಗಂಟೆ ತಲೆ ಕೆಡಿಸಿಕೊಂಡದ್ದಕ್ಕೆ ಏನೂ ದೊರೆಯದು, ಬಿಡಿಭಾಗ ಮಾರಿದರೆ ಕಮಿಷನ್ ದೊರೆಯುತ್ತದೆ ಎಂದಾದರೆ ಅವನು ಯಾವುದನ್ನು ಆರಿಸಿಕೊಳ್ಳುವನೆಂದು ವ್ಯಾಪಾರಿಗಳಿಗೆ ವಿವರಿಸಬೇಕಿಲ್ಲ. ವೈದ್ಯರ ಫೀಸನ್ನು ಔಷಧಿ ಅಂಗಡಿಯ ಲಾಭದಿಂದಲೇ ವಸೂಲು ಮಾಡಿಕೊಳ್ಳಿರೆಂದು ಯಾರೂ ಹೇಳುವುದಿಲ್ಲ.

ಆರ್‌ಎಕ್ಸ್-8 ಇಲ್ಲಿನ ರಸ್ತೆಗಳಲ್ಲಿ ಅಪರೂಪವಾದರೂ ಬಿಲ್ಲಿನ ಪದ್ಧತಿ ಇಲ್ಲಿಯೂ ಅದೇ. ಭಾರತದ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದ ಮೇಲೆ ಸಣ್ಣ ಗ್ಯಾರೇಜುಗಳೂ ಸ್ಕ್ಯಾನರ್ ಕೊಳ್ಳಬೇಕಾಗಿದೆ. ಆ ಬಂಡವಾಳಕ್ಕೆ ಪ್ರತಿಫಲ ಎಲ್ಲಿಂದಾದರೂ ಬರಬೇಕಲ್ಲವೆ? ತೆರಿಗೆಯ ನೆಪವೂ ಈಗ ಉಳಿದಿಲ್ಲ. ಹಿಂದೆ ಅನೇಕ ಬಿಡಿಭಾಗಗಳಿಗೆ ಶೇ. 28 ಹಾಗೂ ದುರಸ್ತಿ ಸೇವೆಗೆ ಶೇ. 18 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೂ ಶೇ. 18 ದರ ಜಾರಿಗೆ ಬಂದಿದೆ. ಮೇಲಾಗಿ ಸಂಸ್ಥೆಯ ಹೆಸರಿನಲ್ಲಿರುವ ಕಾರಿನ ದುರಸ್ತಿಗೆ ತೆತ್ತ ತೆರಿಗೆಯ ಹೂಟುವಳಿ ಜಮೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಬೇಡದ ಕಾಯಿಲಿನ ಬೆಲೆಯೊಂದಿಗೆ ಅದರ ತೆರಿಗೆಯೂ ಪೂರ್ಣ ವೆಚ್ಚವೇ ಆಗುತ್ತದೆ.

ಪರೀಕ್ಷೆಗೆ ಪ್ರತ್ಯೇಕ ಶುಲ್ಕವನ್ನು ಮೊದಲೇ ತಿಳಿಸಿ ಪಡೆಯುವ ವರ್ಕ್‌ಶಾಪು ಅದಕ್ಕೆ ಪ್ರತಿಯಾಗಿ ಬರವಣಿಗೆಯಲ್ಲಿ ವರದಿಯನ್ನು ಕೊಡಬೇಕಾದುದೂ ನ್ಯಾಯವೇ. ಯಾವ ಕೋಡ್ ಬಂತು, ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಯಾವ ಭಾಗವನ್ನು ಎಲ್ಲಿಗೆ ಬದಲಿಸಿ ನೋಡಲಾಯಿತು ಎಂಬಷ್ಟು ಜಾಬ್ ಕಾರ್ಡಿನಲ್ಲಿದ್ದರೆ ಸಾಕು. ವಿದೇಶಗಳಲ್ಲಿ ಹಳೆಯ ಆರ್‌ಎಕ್ಸ್-8 ಕೊಳ್ಳಲು ಬರುವ ತಿಳಿದವರು ಬಣ್ಣ, ಟೈರು ನೋಡುವ ಮೊದಲೇ ಕಂಪ್ರೆಷನ್ ಪರೀಕ್ಷೆಯ ಚೀಟಿಯನ್ನು ಕೇಳುತ್ತಾರೆ. ಎರಡು ರೋಟರು, ಒಟ್ಟು ಆರು ಮುಖ, ಆರು ಅಂಕಿ. ಗಾಡಿಯ ಬೆಲೆಯ ಮಾತು ಶುರುವಾಗುವುದು ಅದನ್ನು ಓದಿದ ಮೇಲೆಯೇ.