ರಹದಾರಿಯಿಲ್ಲದ ಪರದೇಶ

ಜಪಾನಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿರುವ ನನ್ನ ಸಹಪಾಠಿಯೊಬ್ಬನು ಈಚೆಗೆ ಬರೆದ ಪತ್ರದಲ್ಲಿ, ಅನಿರೀಕ್ಷಿತವಾಗಿ ರಜೆ ದೊರೆತ ಒಂದು ದಿನ ಕಣ್ಣಿಗೆ ಬಿದ್ದ ರೈಲನ್ನೇರಿ ಊರೂರು ಸುತ್ತಿದ ಕಥೆಯನ್ನು ನಾಲ್ಕು ಪುಟ ವರ್ಣಿಸಿ, ಕೊನೆಗೆ ‘ನಿನಗೆಲ್ಲಿಯದಪ್ಪಾ ಈ ಭಾಗ್ಯ!’ ಎಂದು ಮರುಗಿದ್ದಾನೆ. ಅವನಿಗೇನು ಗೊತ್ತು? ಮೈಸೂರಿನವನಾದ ನಾನು ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಗೆ ಕನ್ನಡ ಉಪನ್ಯಾಸಕನಾಗಿ ಬಂದು ಮೂರು ವರ್ಷಗಳಾದುವು. ಇಲ್ಲಿ ಮನೆಯ ಮಾತು, ಸಂತೆಯ ಮಾತು, ಜಗಳದ ಮಾತು ಬಹುಮಟ್ಟಿಗೆ ತೆಲುಗು. ರಹದಾರಿಯಿಲ್ಲದೆಯೇ ನಾನೂ ಪರದೇಶಿ!

ಮೊನ್ನೆ ಹಠಾತ್ತನೆ ರಜೆ ಬಂದಿತು. ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಕೆಂಪು ಪೆನ್ನು ಬರಿದಾಗಿತ್ತಾಗಿ, ಹೊಸದನ್ನು ಕೊಳ್ಳಲು ಶ್ರೀನಿವಾಸಪುರಕ್ಕೆ ಹೋದೆ. ಬಸ್ ನಿಲ್ದಾಣದಲ್ಲಿ ಮುಳಬಾಗಿಲಿನ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಏಕೆಂದು ಕೇಳಬೇಡಿ, ಏರಿ ಕುಳಿತೆ. ಪಕ್ಕದಲ್ಲಿ ನೋಡಿದರೆ ನನ್ನ ವಿದ್ಯಾರ್ಥಿಯೇ! ತರಗತಿಯಲ್ಲಿ ಬಾಯಿಬಿಡದ ಹುಡುಗ. ಮುಳಬಾಗಿಲಿನ ಸೋದರಮಾವನ ಮನೆಗೆ ಹೊರಟಿದ್ದವನು, ದೋಸೆ ತಿನ್ನುವ ಹೊತ್ತಿಗೆ, ‘ಆವನಿ ನೋಡಿದ್ದೀರಾ ಸಾರ್?’ ಎಂದು ನನ್ನ ಯಜಮಾನಿಕೆಯನ್ನು ವಹಿಸಿಕೊಂಡುಬಿಟ್ಟನು.

ಆವನಿ ವಾಲ್ಮೀಕಿಯ ಆಶ್ರಮವಿದ್ದ ಸ್ಥಳವೆಂದೂ ಲವಕುಶರು ಹುಟ್ಟಿದ್ದು ಇಲ್ಲಿಯೇ ಎಂದೂ ಜನರ ನಂಬಿಕೆ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಮೆಟ್ಟಿಲ ಬಳಿ ಕುಳಿತಿದ್ದ ಅಜ್ಜಿಯೊಬ್ಬಳು ನನ್ನನ್ನು ತೆಲುಗಿನಲ್ಲಿ ಏನೋ ಕೇಳಿದಳು. ‘ಪಿಲ್ಲಲು’ ಎಂಬುದೊಂದು ತಿಳಿಯಿತು. ಮಕ್ಕಳೆಷ್ಟು ಎಂದಲ್ಲವೇ? ತರಕಾರಿ ಕೊಳ್ಳುತ್ತ ಕಲಿತ ಲೆಕ್ಕದಲ್ಲಿ ಹೆಮ್ಮೆಯಿಂದ ‘ಅರವೈ ರೆಂಡು’ ಎಂದೆ. ನನ್ನ ತರಗತಿಯಲ್ಲಿರುವುದು 62 ಮಂದಿ. ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಕೆ ಕೇಳಿದ್ದು ನನ್ನ ಹೆಂಡತಿ ಹೆತ್ತವರ ಸಂಖ್ಯೆಯನ್ನು! ಹುಡುಗ ನಗು ತಡೆಯಲಾರದೆ ಅವಳಿಗೆ ವಿವರಿಸಬೇಕಾಯಿತು.

ಕೆಳಗೆ ರಾಮಲಿಂಗೇಶ್ವರನ ಆವರಣ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಬೇರೆ ಬೇರೆ ಗುಡಿಗಳು. ನೊಳಂಬರ ಕಾಲದ ಕೆಲಸ. 10ನೆಯ ಶತಮಾನದಲ್ಲಿ ತ್ರಿಭುವನಕರ್ತನೆಂಬ ತಪಸ್ವಿಯು 40 ವರ್ಷ ಈ ಸ್ಥಾನವನ್ನಾಳಿ 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನವಿದೆ. ಇದನ್ನೆಲ್ಲ ರೈಸ್ ಸಾಹೇಬರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದ ಬಲದಿಂದ ನಾನು ಗಂಭೀರವಾಗಿ ಉಪನ್ಯಸಿಸುತ್ತಿರಲು, ಹುಡುಗನು ಒಂದು ಬರಹದ ಮೇಲೆ ಬೆರಳಿಟ್ಟು, ‘ಇದನ್ನು ಓದಿ ಸಾರ್’ ಎಂದನು.

ಓದಲಾಗಲಿಲ್ಲ. ಅಚ್ಚಿನಲ್ಲಿ ಓದಿ ಎಂ.ಎ. ಪಡೆದವನಿಗೆ ಕಲ್ಲು ಸುಲಭವಾಗಿ ಒಲಿಯುವುದಿಲ್ಲ. ನಿಜವನ್ನೇ ಹೇಳಿದೆ. ಅವನಿಗೆ ಸಂತೋಷವಾದಂತೆ ತೋರಿತು.

‘ಇದು ಕನ್ನಡವೋ ತೆಲುಗೋ ಸಾರ್?’

‘ಆ ಕಾಲದಲ್ಲಿ ಎರಡಕ್ಕೂ ಲಿಪಿ ಒಂದೇ ಕಣಪ್ಪಾ. ತಲೆಕಟ್ಟುಗಳು ಬೇರೆಯಾದದ್ದು ಆಮೇಲೆ.’

ಅವನು ಕ್ಷಣಕಾಲ ಯೋಚಿಸಿ, ‘ಹಾಗಾದರೆ ನಾನು ತೆಲುಗಿನ ತಲೆಕಟ್ಟು ಹಾಕಿದರೆ ಕೆಂಪು ಗೀಟು ಏಕೆ ಎಳೆಯುತ್ತೀರಿ?’ ಎಂದನು.

ಕೊಂಕಿನ ಮಾತಲ್ಲ, ತಿಳಿಯಲೆಂದೇ ಕೇಳಿದ್ದನು. ‘ಈಗ ಬೇರೆಯಾಗಿದೆಯಲ್ಲ’ ಎಂದು ಉತ್ತರಿಸಬಹುದಿತ್ತು. ಅದು ಸರಿಯಾದ ಉತ್ತರವೂ ಹೌದು. ಆದರೆ ಅವನ ಪತ್ರಿಕೆ ನನ್ನ ಮೇಜಿನ ಮೇಲಿತ್ತು. ಪ್ರಬಂಧ ಸೊಗಸಾಗಿತ್ತು. ತಲೆಕಟ್ಟಿಗಾಗಿ ಎರಡು ಅಂಕ ಕಳೆದು, 33ಕ್ಕೆ ನಿಲ್ಲಿಸಿದ್ದೆ. ಉತ್ತೀರ್ಣನಾಗಲು ಆಗ ಬೇಕಿದ್ದುದು 35. ಇದೇ ಜಿಲ್ಲೆಯ ಮಾಸ್ತಿಯವರ ಮನೆಮಾತು ತಮಿಳು. ಬಾಲ್ಯದಲ್ಲಿ ಅವರಿಗೆ ನನ್ನಂಥ ಮೇಷ್ಟ್ರು ಗಂಟುಬೀಳದಿದ್ದುದು ನಮ್ಮೆಲ್ಲರ ಪುಣ್ಯ.

ಹುಡುಗ ಮುಳಬಾಗಿಲಿನಲ್ಲಿಯೇ ಉಳಿದನು. ಹೊರಡುವಾಗ ತೆಲುಗಿನಲ್ಲಿ ಟಿಕೆಟ್ ಕೇಳುವುದನ್ನು ನನಗೆ ಮೂರು ಬಾರಿ ಹೇಳಿಕೊಟ್ಟನು. ನಾನು ಅದನ್ನು ಬಸ್ಸಿನಲ್ಲಿ ತಪ್ಪಿಲ್ಲದೆ ಒಪ್ಪಿಸಿದೆ. ಕಂಡಕ್ಟರು ಅಚ್ಚ ಕನ್ನಡದಲ್ಲಿ, ‘ಚಿಲ್ಲರೆ ಕೊಡಿ ಸ್ವಾಮಿ’ ಎಂದನು.

ರಾತ್ರಿ ಕೋಣೆಗೆ ಬಂದು ಪತ್ರಿಕೆಗಳ ಕಟ್ಟು ಬಿಚ್ಚಿದಾಗ ನೆನಪಾಯಿತು, ಕೆಂಪು ಪೆನ್ನು ಕೊಂಡೇ ಇರಲಿಲ್ಲ. 33ನ್ನು ನೀಲಿಯಲ್ಲಿಯೇ ತಿದ್ದಿದೆ.