ತರಬೇತಿ ಚೀಟಿ ಕೌಂಟರಿನಿಂದಲೇ ಶುರುವಾಗಲಿ

ಎಆರ್‌ಟಿ ಕೇಂದ್ರಗಳಲ್ಲಿ ಎಚ್‌ಐವಿ ಚಿಕಿತ್ಸೆ ಉಚಿತ. ಆದರೆ ಸೀರೆಯುಟ್ಟು ಸರದಿಯಲ್ಲಿ ನಿಂತ ಟ್ರಾನ್ಸ್ ಮಹಿಳೆಯನ್ನು ದಾಖಲೆಯಲ್ಲಿರುವ ಗಂಡು ಹೆಸರಿನಿಂದ ಕೂಗಿ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತಾದರೆ, ಆಕೆ ಮುಂದಿನ ತಿಂಗಳು ಮಾತ್ರೆಗೆ ಬರುವುದು ಅನುಮಾನ. ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 0.2ರ ಆಸುಪಾಸಿನಲ್ಲಿದೆ; ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಸಮೀಕ್ಷೆಯ ಪ್ರಕಾರ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಅದು ಶೇ 3ಕ್ಕೂ ಹೆಚ್ಚು.

ವೈದ್ಯರಿಗೆ ಬೇಕಿರುವುದು ಸೌಜನ್ಯದ ಪಾಠವೊಂದೇ ಅಲ್ಲ. ಎಚ್‌ಐವಿ ಮಾತ್ರೆ ನುಂಗಿದರೆ ತಾವು ತೆಗೆದುಕೊಳ್ಳುವ ಹಾರ್ಮೋನಿನ ಪರಿಣಾಮ ಕುಗ್ಗುತ್ತದೆಂಬ ಭಯ ಹಲವು ಟ್ರಾನ್ಸ್ ಮಹಿಳೆಯರಿಗಿದೆ. ಭಯ ಪೂರ್ತಿ ಸುಳ್ಳೂ ಅಲ್ಲ: ಹಳೆಯ ಎಚ್‌ಐವಿ ಔಷಧ ಎಫಾವಿರೆಂಜ್ ಈಸ್ಟ್ರೊಜೆನ್ ಮಟ್ಟವನ್ನು ತಗ್ಗಿಸಬಲ್ಲದು. ಈಗ ಕೊಡುವ ಡೊಲುಟೆಗ್ರಾವಿರ್‌ನಿಂದ ಅಂಥ ತೊಂದರೆ ನಿರೀಕ್ಷಿತವಲ್ಲ. ಇಷ್ಟು ಹೇಳಲು ಎರಡು ನಿಮಿಷ ಸಾಕು. ಹಾರ್ಮೋನಿನ ವಿಷಯ ಕೇಳುವುದಕ್ಕೇ ಮುಜುಗರಪಡುವ ವೈದ್ಯರು ಅದನ್ನು ಹೇಳುವುದಾದರೂ ಹೇಗೆ?

2021ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಮಿತ್ರ್ ಕ್ಲಿನಿಕ್ ಎಚ್‌ಐವಿ ಮತ್ತು ಹಾರ್ಮೋನ್ ಸೇವೆಗಳೆರಡನ್ನೂ ಒಂದೇ ಸೂರಿನಡಿ ತಂದಿತ್ತು, ಟ್ರಾನ್ಸ್ ಸಮುದಾಯದವರೇ ಅಲ್ಲಿ ಸಿಬ್ಬಂದಿಯಾಗಿದ್ದರು. ಅಮೆರಿಕದ ನೆರವು ನಿಂತದ್ದೇ ತಡ, 2025ರಲ್ಲಿ ಬಾಗಿಲು ಹಾಕಬೇಕಾಯಿತು. ಪರರ ದುಡ್ಡನ್ನು ನೆಚ್ಚಿಕೊಂಡರೆ ಆಗುವುದೇ ಹೀಗೆ; ಹಾಗಾಗಿ ಈ ಕೆಲಸ ಸರ್ಕಾರಿ ಕೇಂದ್ರಗಳಲ್ಲೇ ಆಗಬೇಕು.

ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆಯ 15ನೇ ಸೆಕ್ಷನ್, ವೈದ್ಯಕೀಯ ಪಠ್ಯಕ್ರಮದ ಮರುಪರಿಶೀಲನೆಯನ್ನು ಸರ್ಕಾರದ ಹೊಣೆಯಾಗಿಸಿದೆ. ರಾಜ್ಯ ಆರೋಗ್ಯ ಇಲಾಖೆ ಪಠ್ಯ ಬದಲಾಗುವವರೆಗೆ ಕಾಯದೆ, ವೈದ್ಯರಿಂದ ಹಿಡಿದು ಚೀಟಿ ಬರೆಯುವವರ ತನಕ ಎಲ್ಲರಿಗೂ ತರಬೇತಿ ಕೊಡಲಿ. ಕಲಿಸುವವರಲ್ಲಿ ಸಮುದಾಯದವರೂ ಇರಲಿ, ಅವರಿಗೆ ತಕ್ಕ ಸಂಭಾವನೆಯೂ ಸಿಗಲಿ.