ಗೃಹಸ್ಥರ ಕಂಪ್ಯೂಟರು: ಕಡತಗಳನ್ನಿಡುವ ಕ್ರಮ

ಮನೆಯ ಕಾಗದಪತ್ರಗಳನ್ನು ಜೋಪಾನವಾಗಿಡುವುದು ಗೃಹಸ್ಥಧರ್ಮದ ಒಂದು ಅಂಗವೆಂದು ನಮ್ಮ ಹಿರಿಯರು ಬಗೆದಿದ್ದರು. ಕ್ರಯಪತ್ರ, ಕಂದಾಯದ ರಸೀದಿ, ಜಾತಕ, ಸಾಲದ ಪತ್ರ ಇವು ಯಾವ ಪೆಟ್ಟಿಗೆಯ ಯಾವ ಗಂಟಿನಲ್ಲಿವೆ ಎಂಬುದನ್ನು ಯಜಮಾನನೂ ಯಜಮಾನಿತಿಯೂ ಬಲ್ಲವರಾಗಿದ್ದರು. ಈಗ ಅಂತಹ ಪತ್ರಗಳಲ್ಲಿ ಎಷ್ಟೋ ಕಂಪ್ಯೂಟರಿನೊಳಗೆ ಸೇರಿವೆ. ವಿಮೆಯ ಪಾಲಿಸಿ, ಆಸ್ಪತ್ರೆಯ ವರದಿ, ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಛಾಯಾಚಿತ್ರಗಳು ಎಲ್ಲವೂ ಅಲ್ಲಿಯೇ. ಆದರೆ ಮನೆಯವರೊಬ್ಬರು ಅಕಸ್ಮಾತ್ತಾಗಿ ಆಸ್ಪತ್ರೆ ಸೇರಿದ ಹೊತ್ತಿನಲ್ಲಿ ವಿಮೆಯ ಕಾಗದವು ‘ಸ್ಕ್ಯಾನ್ 0047’ ಎಂಬ ಹೆಸರಿನಿಂದ ಎಲ್ಲಿಯೋ ಅಡಗಿದ್ದರೆ, ಅದು ಇದ್ದೂ ಇಲ್ಲದಂತೆಯೇ ಸರಿ. ಆದಕಾರಣ ಈ ತಿಂಗಳು ಕಡತಗಳನ್ನಿಡುವ ಕ್ರಮವನ್ನು ವಿಚಾರಮಾಡೋಣ.

ಮೊದಲು ಈ ಯಂತ್ರದ ಒಳಾಡಳಿತವನ್ನು ನಡೆಯಿಸುವವರಾರು ಎಂಬುದನ್ನು ತಿಳಿಯತಕ್ಕುದು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ತೋರಿಸುವುದು, ಬರೆದುದನ್ನು ಡಿಸ್ಕಿನಲ್ಲಿ ಉಳಿಸುವುದು, ಪ್ರಿಂಟರಿಗೆ ಕಳುಹಿಸುವುದು, ಹಲವು ಕೆಲಸಗಳು ಒಂದಕ್ಕೊಂದು ಅಡ್ಡಬಾರದಂತೆ ಸರದಿಯನ್ನು ಗೊತ್ತುಮಾಡುವುದು ಇವೆಲ್ಲವೂ ಒಂದು ಮೂಲವ್ಯವಸ್ಥೆಯ ಹೊಣೆ. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ದೊಡ್ಡ ಸಂಸಾರಕ್ಕೆ ಪಾರುಪತ್ಯಗಾರನಿದ್ದಂತೆ ಯಂತ್ರಕ್ಕೆ ಇದು. ಬಹುಮಂದಿಯ ಮನೆಗಳಲ್ಲಿರುವ ವಿಂಡೋಸ್ 1985ರಲ್ಲಿ ಮೊದಲು ಹೊರಬಂದಿತು. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಎಂಬವರು 1991ರಲ್ಲಿ ಲಿನಕ್ಸನ್ನು ಆರಂಭಿಸಿದರು. ನಮ್ಮ ಮೊಬೈಲುಗಳ ಆಂಡ್ರಾಯ್ಡ್ ಸಹ ಅದರ ತಿರುಳನ್ನೇ ಆಶ್ರಯಿಸಿದೆ. ಹೆಸರುಗಳು ಬೇರೆಯಾದರೂ ಕಡತಗಳನ್ನಿಡುವ ತತ್ತ್ವವು ಬಹುಮಟ್ಟಿಗೆ ಒಂದೇ.

ಈ ಪಾರುಪತ್ಯಗಾರನು ನಂಬಿಗಸ್ತನೇ ಹೊರತು ವಿವೇಕಿಯಲ್ಲ. ಇಂತಹ ಹೆಸರಿನಿಂದ ಇಂತಹ ಕಡೆಯಲ್ಲಿಡು ಎಂದರೆ ಹಾಗೆಯೇ ಇಡುವನು. ಹೇಳದಿದ್ದರೆ ತನ್ನ ವಾಡಿಕೆಯ ಸ್ಥಳದಲ್ಲಿ, ತನ್ನ ವಾಡಿಕೆಯ ಹೆಸರಿನಿಂದ ಹಾಕಿಬಿಡುವನು. ಕ್ರಯಪತ್ರಕ್ಕೂ ಹಬ್ಬದ ಶುಭಾಶಯದ ಚಿತ್ರಕ್ಕೂ ಅವನಿಗೆ ಭೇದವಿಲ್ಲ. ಬೆಲೆಯನ್ನು ಅರಿತು ವಿಂಗಡಿಸುವುದು ನಮ್ಮ ಕೆಲಸ.

ಇನ್ನೊಂದು ಸಂಗತಿಯೂ ನೆನಪಿನಲ್ಲಿರಲಿ. ಬರೆಯುತ್ತಿರುವ ಪತ್ರವು ಮೊದಲು ಯಂತ್ರದ ತಾತ್ಕಾಲಿಕ ಸ್ಮರಣೆಯಲ್ಲಿರುವುದು. ಅದು ಮೇಜಿನ ಮೇಲೆ ಹರವಿದ ಕಾಗದದಂತೆ. ವಿದ್ಯುತ್ತು ನಿಂತೊಡನೆ ಮೇಜು ಬರಿದಾಗುವುದು. ‘ಸೇವ್’ ಎಂಬ ಆಜ್ಞೆಯನ್ನಿತ್ತಾಗ ಮಾತ್ರ ಅದು ಡಿಸ್ಕೆಂಬ ಬೀರುವನ್ನು ಸೇರುವುದು. ಕೆಲವು ಹೊಸ ತಂತ್ರಾಂಶಗಳು ತಾವಾಗಿಯೇ ಉಳಿಸುವುವು. ಆದರೂ ಪತ್ರಕ್ಕೆ ಹೆಸರಿಟ್ಟು ಸ್ಥಳವನ್ನು ಗೊತ್ತುಮಾಡಿ ಬರೆಯಲು ತೊಡಗುವುದೇ ಕ್ಷೇಮ.

ಕಡತವೆಂಬ ಮಾತು ನಮಗೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದ ಪುಸ್ತಕವೇ ಹಿಂದಿನ ಕಡತ. ಈಗಿನ ಫೈಲಿಗೂ ಅದೇ ಹೆಸರು ಸಂದಿದೆ. ಕಡತಗಳನ್ನು ಕೂಡಿಸಿಡುವ ಚೀಲಕ್ಕೆ ಫೋಲ್ಡರ್ ಎನ್ನುವರು. ಫೋಲ್ಡರಿನೊಳಗೆ ಮತ್ತೊಂದು ಫೋಲ್ಡರನ್ನು ಇಡಬಹುದಾದುದರಿಂದ ಇಡೀ ವ್ಯವಸ್ಥೆಯು ಕೊಂಬೆರೆಂಬೆಗಳುಳ್ಳ ಮರದಂತಿರುವುದು.

ಗೃಹಕೃತ್ಯಕ್ಕೆ ಐದಾರು ಕೊಂಬೆಗಳು ಸಾಕು: ಮನೆ ಮತ್ತು ಜಮೀನು, ಹಣಕಾಸು, ಆರೋಗ್ಯ, ವಿದ್ಯಾಭ್ಯಾಸ, ಗುರುತಿನ ಪತ್ರಗಳು, ಛಾಯಾಚಿತ್ರಗಳು. ಆರೋಗ್ಯದೊಳಗೆ ಮನೆಯ ಪ್ರತಿಯೊಬ್ಬರಿಗೂ ಒಂದು ಫೋಲ್ಡರು; ಛಾಯಾಚಿತ್ರಗಳೊಳಗೆ ವರ್ಷಕ್ಕೊಂದು. ಇದಕ್ಕಿಂತ ಬಹಳ ಆಳಕ್ಕೆ ಹೋಗಬಾರದು. ಏಳು ಬಾಗಿಲುಗಳನ್ನು ದಾಟಿ ಕೋಣೆ ಸೇರುವವನು ಬಂದ ದಾರಿಯನ್ನೇ ಮರೆಯುವನು.

ಇನ್ನು ನಾಮಕರಣ. 1981ರ ಎಂಎಸ್-ಡಾಸ್‌ನಲ್ಲಿ ಹೆಸರಿಗೆ ಎಂಟು ಅಕ್ಷರಗಳೂ, ಚುಕ್ಕೆಯ ಆಚೆ ಮೂರು ಅಕ್ಷರಗಳೂ ಮಾತ್ರ ಸಲ್ಲುತ್ತಿದ್ದುವು. 1995ರ ವಿಂಡೋಸಿನಿಂದೀಚೆಗೆ ಆ ದಾರಿದ್ರ್ಯವು ತೀರಿತು; ಈಗ ಬೇಕಾದಷ್ಟು ವಿವರವಾಗಿ ಹೆಸರಿಡಬಹುದು, ಕನ್ನಡದಲ್ಲಿಯೂ ಇಡಬಹುದು. ಮೊದಲು ವರ್ಷ, ಅನಂತರ ತಿಂಗಳು, ಕಡೆಗೆ ದಿನ ಹೀಗೆ ಬರೆದು, ವಿಷಯವನ್ನು ಸೇರಿಸುವುದು ಉತ್ತಮ. ‘2024-06-05 ಅಮ್ಮನ ರಕ್ತಪರೀಕ್ಷೆ’ ಎಂದರೆ ಸಾಕು. ಹೆಸರಿನ ಕ್ರಮದಲ್ಲಿ ಜೋಡಿಸಿದಾಗ ಕಡತಗಳು ತಾವೇ ಕಾಲಾನುಕ್ರಮದಲ್ಲಿ ನಿಲ್ಲುವುವು. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೆಯ ತಾರೀಖುಗಳೂ ಒಟ್ಟಿಗೆ ಸೇರಿ ಗೊಂದಲವಾಗುವುದು. ವಿಂಡೋಸಿನಲ್ಲಿ ಓರೆಗೆರೆಯೂ ಪ್ರಶ್ನಾರ್ಥಕ ಚಿಹ್ನೆಯೂ ಹೆಸರಿನಲ್ಲಿ ಸಲ್ಲವು. ಆದುದರಿಂದ ತಾರೀಖಿನ ನಡುವೆ ಅಡ್ಡಗೆರೆಯನ್ನೇ ಬಳಸಬೇಕು. ಹೆಸರು ಬದಲಾಯಿಸುವಾಗ ಕೊನೆಯ ಚುಕ್ಕೆಯ ಆಚೆಗಿನ ‘ಪಿಡಿಎಫ್’, ‘ಜೆಪಿಜಿ’ ಮೊದಲಾದ ಬಾಲವನ್ನು ಮುಟ್ಟದಿರಿ. ಯಾವ ತಂತ್ರಾಂಶದಿಂದ ತೆರೆಯಬೇಕೆಂಬುದನ್ನು ವಿಂಡೋಸು ಅದರಿಂದಲೇ ಅರಿಯುವುದು.

ಹೊಸಬರು ಮೋಸಹೋಗುವ ಮೂರು ಎಡೆಗಳುಂಟು. ಒಂದನೆಯದು, ತೆರೆಯ ಮೇಲಣ ಶಾರ್ಟ್‌ಕಟ್. ಮೂಲೆಯಲ್ಲಿ ಪುಟ್ಟ ಬಾಣದ ಗುರುತುಳ್ಳ ಆ ಚಿತ್ರವು ಕಡತವಲ್ಲ, ಕಡತವಿರುವ ಸ್ಥಳವನ್ನು ತೋರಿಸುವ ಕೈಮರ. ಅದನ್ನೇ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಪರಊರಿಗೆ ಹೋದವನು ಮನೆಯನ್ನು ಬಿಟ್ಟು ವಿಳಾಸದ ಚೀಟಿಯನ್ನು ಮಾತ್ರ ಒಯ್ದಂತಾಗುವುದು. ಎರಡನೆಯದು, ಡೆಸ್ಕ್‌ಟಾಪ್. ಎದುರಿಗೆ ಕಾಣುವುದೆಂದು ಎಲ್ಲವನ್ನೂ ಅಲ್ಲಿಯೇ ರಾಶಿಹಾಕುವುದು ರೂಢಿ. ಸಾಮಾನ್ಯವಾಗಿ ಅದು ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕಿನ ಭಾಗದಲ್ಲಿಯೇ ಇರುವುದು. ದುರಸ್ತಿಗಾರನು ಆ ಭಾಗವನ್ನು ಅಳಿಸಿ ಹೊಸದಾಗಿ ಹಾಕಿದರೆ ನಮ್ಮ ರಾಶಿಯೂ ಅದರೊಡನೆ ಹೋಗುವುದು. ಯಂತ್ರವನ್ನು ದುರಸ್ತಿಗೆ ಕೊಡುವ ಮುನ್ನ ಬೇಕಾದುದನ್ನೆಲ್ಲ ನಕಲು ಮಾಡಿಟ್ಟುಕೊಳ್ಳತಕ್ಕುದು. ಮೂರನೆಯದು, ಅಳಿಸುವಿಕೆ. ಯಂತ್ರದೊಳಗಿನ ಕಡತವನ್ನು ಅಳಿಸಿದರೆ ಸಾಮಾನ್ಯವಾಗಿ ಅದು ರಿಸೈಕಲ್ ಬಿನ್ನಿಗೆ ಹೋಗಿ ನಿಲ್ಲುವುದು. ಅಲ್ಲಿಂದ ಮರಳಿ ತರಬಹುದು. ಪೆನ್‌ಡ್ರೈವಿನಲ್ಲಿ ಅಳಿಸಿದುದಕ್ಕೆ ಸಾಮಾನ್ಯವಾಗಿ ಈ ತಂಗುದಾಣವಿಲ್ಲ.

ಡಿಸ್ಕು ಸಹ ಯಂತ್ರವೇ. ಒಂದಲ್ಲ ಒಂದು ದಿನ ಕೆಡುವುದು. ಆದಕಾರಣ ಮುಖ್ಯವಾದ ಫೋಲ್ಡರುಗಳ ನಕಲನ್ನು ತಿಂಗಳಿಗೊಮ್ಮೆ ಬೇರೊಂದು ಡಿಸ್ಕಿಗೆ ಇಳಿಸಿ, ಕಂಪ್ಯೂಟರಿನಿಂದ ಬೇರೆಯಾಗಿಡಿರಿ. ಅದೇ ಡಿಸ್ಕಿನ ಮತ್ತೊಂದು ಫೋಲ್ಡರಿನಲ್ಲಿಟ್ಟ ಪ್ರತಿಯು ರಕ್ಷಣೆಯಲ್ಲ. ಬೀರುವಿಗೆ ಬೆಂಕಿ ತಗಲಿದರೆ ಎರಡು ಖಾನೆಗಳೂ ಒಟ್ಟಿಗೆ ಬೇಯುವುವು.

ಇಷ್ಟನ್ನೂ ಮಾಡಿದ ಬಳಿಕ ಒಂದು ಪರೀಕ್ಷೆ ಉಂಟು. ಬಿಡುವಿನ ದಿನವೊಂದರಲ್ಲಿ, ನೀವು ದೂರ ಕುಳಿತು, ಕಂಪ್ಯೂಟರನ್ನು ಹೆಚ್ಚಾಗಿ ಮುಟ್ಟದ ಮನೆಯವರಿಗೆ ವಿಮೆಯ ಪಾಲಿಸಿಯನ್ನು ಹುಡುಕಿಕೊಡಿರೆಂದು ಹೇಳಿರಿ. ಐದು ನಿಮಿಷಗಳೊಳಗೆ ದೊರೆತರೆ ನಿಮ್ಮ ಕ್ರಮವು ಸರಿಯಾಗಿದೆ. ದೊರೆಯದಿದ್ದರೆ, ಫೋಲ್ಡರುಗಳ ಹೆಸರನ್ನೂ ಅವುಗಳಲ್ಲಿ ಏನೇನಿವೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು, ಮನೆಯ ಇತರ ಪತ್ರಗಳೊಡನೆ ಪೆಟ್ಟಿಗೆಯಲ್ಲಿಡಿರಿ. ಒಬ್ಬರಿಗೆ ಮಾತ್ರ ತಿಳಿದ ಭಂಡಾರವು ಸಂಸಾರದ ಸ್ವತ್ತಾಗಲಾರದು.

ಭಂಡಾರಕ್ಕೆ ಬೀಗವೂ ಬೇಕಷ್ಟೆ. ಗುಪ್ತಪದಗಳನ್ನು ಆರಿಸುವ ಮತ್ತು ಕಾಪಾಡುವ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಹೇಳಲಾಗುವುದು.